ಬಳೆ, ಆನೆದಂತ, ಎಳೆಚಂದ್ರ: ಬಾಗಿದ ಅಂಚಿನ ಆಕೃತಿಗಳಿಗೆ ಹೆಸರಿಡುವ ಪ್ರಶ್ನೆ

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಕವಿ ರನ್ನನ ಹುಟ್ಟೂರು. 'ಗದಾಯುದ್ಧ' ಬರೆದ ಈ ಶಕ್ತಿಕವಿ 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಎಂಬುದು ಸಾಹಿತ್ಯ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಆದರೆ ಆ ಮನೆಯವರು ಮಾರುತ್ತಿದ್ದ ಬಳೆಯನ್ನು ಒಂದು ಆಕೃತಿಯಾಗಿ ನೋಡಿದವರು ಕಡಿಮೆ. ಚಪ್ಪಟೆ ಬಳೆಯೊಂದನ್ನು ಕಾಗದದ ಮೇಲಿಟ್ಟು ಹೊರಗೊಂದು, ಒಳಗೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಸಿಗುವ ಪಟ್ಟಿಗೆ ಏನೆನ್ನುತ್ತಾರೆ? ಎಸ್ಸೆಸ್ಸೆಲ್ಸಿ ಮುಗಿಸಿದ ಯಾರನ್ನು ಕೇಳಿದರೂ 'ಎರಡು ಏಕಕೇಂದ್ರೀಯ ವೃತ್ತಗಳ ನಡುವಿನ ಭಾಗ' ಎಂಬ ಉತ್ತರ ಬಂದೀತು. ಅದು ಹೆಸರಲ್ಲ, ವಿಳಾಸ.

ನೇರ ಅಂಚಿನ ಆಕೃತಿಗಳಿಗೆ ಈ ತೊಂದರೆಯಿಲ್ಲ. ಅಂಚುಗಳನ್ನು ಎಣಿಸಿದರೆ ತ್ರಿಭುಜ, ಚತುರ್ಭುಜ, ಪಂಚಭುಜ ಎಂದು ಸಾಲು ಮುಗಿಯದೆ ಹೋಗುತ್ತದೆ. ಪ್ರತಿಯೊಂದರ ಒಳಗೂ ಮರಿವಂಶಗಳಿವೆ: ಸಮಬಾಹು, ಸಮದ್ವಿಬಾಹು, ತ್ರಾಪಿಜ್ಯ, ವಜ್ರಾಕೃತಿ. ಅಂಚು ಬಾಗಿತೋ, ಹೆಸರಿನ ಚೀಲ ಬರಿದಾಗುತ್ತದೆ. ವೃತ್ತ, ಅರ್ಧವೃತ್ತ, ವೃತ್ತಖಂಡ, ತ್ರಿಜ್ಯಾಂತರ ಖಂಡ. ಪಿಯುಸಿಗೆ ಹೋದರೆ ದೀರ್ಘವೃತ್ತ. ಉಳಿದುದೆಲ್ಲ 'ಛಾಯೆಗೊಳಿಸಿದ ಭಾಗ'. ಚೌಕದೊಳಗೆ ನಾಲ್ಕು ಕಾಲುವೃತ್ತ ಕತ್ತರಿಸಿ ಉಳಿದ ನಕ್ಷತ್ರವೂ ಛಾಯೆಗೊಳಿಸಿದ ಭಾಗವೇ, ಎರಡು ವೃತ್ತ ಒಂದರ ಮೇಲೊಂದು ಬಿದ್ದಾಗ ಸಿಗುವ ಬೇಳೆಯಾಕಾರವೂ ಅದೇ. ಹುಡುಗರು ಅವುಗಳ ವಿಸ್ತೀರ್ಣ ಕಂಡುಹಿಡಿಯುತ್ತಾರೆ, ಅಂಕ ತೆಗೆದುಕೊಳ್ಳುತ್ತಾರೆ. ಕಂಡದ್ದಕ್ಕೆ ಹೆಸರಿಲ್ಲದ ಕಾರಣ ಎರಡು ಲೆಕ್ಕಗಳಲ್ಲಿ ಬಂದದ್ದು ಒಂದೇ ಆಕೃತಿ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಇಂಥ ಆಕೃತಿಗಳನ್ನು ಒಂದು ನಿಯಮಕ್ಕೆ ಒಳಪಡಿಸಿ ವಿಂಗಡಿಸಲು ಸಾಧ್ಯವೇ? ಈ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಅವುಗಳಲ್ಲಿ ಬಹಳ ಸ್ವಾರಸ್ಯಕರವಾದ ಒಂದು ಉತ್ತರ ನಮ್ಮ ನೆಲದಲ್ಲೇ ಬರೆದದ್ದು. ರನ್ನ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. ಕಾಲ ಸುಮಾರು 850. ಅದರ ಏಳನೆಯ ಅಧ್ಯಾಯ ಕ್ಷೇತ್ರಗಣಿತದ್ದು. ತ್ರಿಭುಜಗಳು ಮೂರು ಬಗೆ, ಚತುರ್ಭುಜಗಳು ಐದು ಬಗೆ, ದುಂಡಂಚಿನವು ಎಂಟು ಬಗೆ, ಮಿಕ್ಕ ಆಕೃತಿಗಳೆಲ್ಲ ಇವುಗಳ ವಿಕಾರಗಳು ಎಂದು ಅಲ್ಲಿ ಆತ ಗೆರೆ ಕೊರೆದು ಹೇಳುತ್ತಾನೆ. ಆ ಎಂಟು ಇವು: ಸಮವೃತ್ತ, ಅರ್ಧವೃತ್ತ, ಆಯತವೃತ್ತ, ಕಂಬುಕಾವೃತ್ತ, ನಿಮ್ನವೃತ್ತ, ಉನ್ನತವೃತ್ತ, ಬಹಿಶ್ಚಕ್ರವಾಲವೃತ್ತ, ಅಂತಶ್ಚಕ್ರವಾಲವೃತ್ತ. ತ್ರಿಭುಜ ಮೂರು, ದುಂಡು ಎಂಟು! ಇಂದಿನ ಪಠ್ಯಪುಸ್ತಕದಲ್ಲಿ ಈ ಪ್ರಮಾಣ ತಲೆಕೆಳಗಾಗಿದೆ.

ದುಂಡಿನ ಮೇಲೆ ಇಷ್ಟು ಒಲವು ಯಾಕೆ? ಜೈನರ ಲೋಕವರ್ಣನೆಯನ್ನು ನೋಡಿದರೆ ತಿಳಿಯುತ್ತದೆ. ನಡುವೆ ಒಂದು ಲಕ್ಷ ಯೋಜನ ವ್ಯಾಸದ ದುಂಡನೆಯ ಜಂಬೂದ್ವೀಪ. ಅದನ್ನು ಸುತ್ತುವರಿದು ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ. ಆಚೆಗೆ ದ್ವೀಪ, ಸಮುದ್ರ, ದ್ವೀಪ, ಸಮುದ್ರ ಎಂದು ಅಗಲ ಇಮ್ಮಡಿಸುತ್ತ ಹೋಗುವ ಉಂಗುರಗಳು. ಜಂಬೂದ್ವೀಪದ ದಕ್ಷಿಣ ಅಂಚಿನಲ್ಲಿ ನಮ್ಮ ಭರತಕ್ಷೇತ್ರ, ಅದು ಬಿಲ್ಲಿನ ಆಕಾರದ ವೃತ್ತಖಂಡ. ಬಿಲ್ಲಿನ ನೇರ ಅಂಚು ಹೆದೆ, ಹೆದೆಯ ನಡುವಿನಿಂದ ಕಮಾನಿನವರೆಗಿನ ಎತ್ತರ ಬಾಣ. ಹೀಗಾಗಿ ಉಂಗುರ, ಬಿಲ್ಲು, ಹೆದೆ, ಬಾಣಗಳ ಲೆಕ್ಕ ಬಾರದವನು ತನ್ನ ಆಗಮವನ್ನೇ ಅರ್ಥ ಮಾಡಿಕೊಳ್ಳಲಾರ. ಧರ್ಮಶ್ರದ್ಧೆ ಹೀಗೆ ರೇಖಾಗಣಿತಕ್ಕೆ ಹಾದಿ ಮಾಡಿಕೊಟ್ಟಿತು.

ಎಂಟರಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕಂಬುಕಾವೃತ್ತ, ಅಂದರೆ ಶಂಖದ ಆಕೃತಿ. ಶಂಖದ ಸೊಟ್ಟ ಅಂಚನ್ನು ಅಳೆಯುವುದು ಹೇಗೆ ಎಂದು ಯಾರಿಗಾದರೂ ಭಯವಾಗಬೇಕು. ಮಹಾವೀರ ಕೊಡುವ ನಿಯಮ ಸರಳ. ಹೆಚ್ಚಿನ ಅಗಲದಲ್ಲಿ ಬಾಯಿಯ ಅರ್ಧ ಕಳೆದು ಮೂರರಿಂದ ಗುಣಿಸಿದರೆ ಸುತ್ತಳತೆ. ಸುತ್ತಳತೆಯ ಅರ್ಧದ ವರ್ಗದಲ್ಲಿ ಮೂರನೇ ಒಂದು ಪಾಲು, ಬಾಯಿಯ ಅರ್ಧದ ವರ್ಗದಲ್ಲಿ ಮುಕ್ಕಾಲು ಪಾಲು, ಇವೆರಡನ್ನು ಕೂಡಿಸಿದರೆ ವಿಸ್ತೀರ್ಣ. ಮೊದಲ ನೋಟಕ್ಕೆ ಇದು ಎಲ್ಲಿಂದಲೋ ಬಿದ್ದ ಸೂತ್ರದಂತೆ ಕಾಣುತ್ತದೆ. ಆದರೆ ಒಂದು ನೇರ ಗೆರೆ ಎಳೆದು, ಅದರ ಮೇಲೆ 10 ಅಂಗುಲ ವ್ಯಾಸದ ಅರ್ಧವೃತ್ತ, ಕೆಳಗೆ ಅದೇ ತುದಿಯಿಂದ ಹೊರಟ 6 ಅಂಗುಲ ವ್ಯಾಸದ ಅರ್ಧವೃತ್ತ ಬರೆದು ನೋಡಿ. ಇನ್ನೊಂದು ತುದಿಯಲ್ಲಿ 4 ಅಂಗುಲದ ಬಾಯಿ ತೆರೆದುಕೊಳ್ಳುತ್ತದೆ. ಶಂಖದ ಚಿತ್ರ ಸಿದ್ಧ. ಪರಿಧಿಯು ವ್ಯಾಸದ ಮೂರು ಪಟ್ಟು ಎಂದಿಟ್ಟುಕೊಂಡರೆ ಎರಡು ಕಮಾನುಗಳ ಉದ್ದ 15 ಮತ್ತು 9, ಒಟ್ಟು 24. ಮಹಾವೀರನ ನಿಯಮದಿಂದ 10ರಲ್ಲಿ 2 ಕಳೆದು ಮೂರು ಪಟ್ಟು, ಅದೂ 24. ವಿಸ್ತೀರ್ಣ ಎರಡು ದಾರಿಯಲ್ಲೂ 51. ಶಂಖವೆಂಬ ಹೆಸರಿನ ಹಿಂದೆ ಇದ್ದದ್ದು ಹೋಲಿಕೆ ಮಾತ್ರವಲ್ಲ, ಕೈವಾರ ಹಿಡಿದು ಕೂತವನ ರಚನಾಕ್ರಮ. ಒಂದು ಸೊಟ್ಟ ಆಕೃತಿಯನ್ನು ಎರಡು ಅರ್ಧವೃತ್ತಗಳಾಗಿ ಒಡೆದು ಕಂಡ ಈ ಕಣ್ಣಿಗೆ ಗೌರವ ಸಲ್ಲಬೇಕು.

ಚಕ್ರವಾಲಗಳು ನಮ್ಮ ಬಳೆಗಳು. ಆಕೃತಿ ಒಂದೇ ಆದರೂ ಹೆಸರು ಎರಡು. ಒಳಗಿನ ವೃತ್ತದ ವ್ಯಾಸ ಗೊತ್ತಿದ್ದು ಹೊರಗೆ ಪಟ್ಟಿ ಸುತ್ತಿದರೆ ಬಹಿಶ್ಚಕ್ರವಾಲ. ಹೊರಗಿನ ವೃತ್ತ ಗೊತ್ತಿದ್ದು ಒಳಕ್ಕೆ ಪಟ್ಟಿ ಬಿಟ್ಟರೆ ಅಂತಶ್ಚಕ್ರವಾಲ. ಮೊದಲನೆಯದರಲ್ಲಿ ವ್ಯಾಸಕ್ಕೆ ಪಟ್ಟಿಯ ಅಗಲ ಕೂಡಿಸಿ, ಎರಡನೆಯದರಲ್ಲಿ ಕಳೆದು, ಅದನ್ನು ಮೂರರಿಂದಲೂ ಅಗಲದಿಂದಲೂ ಗುಣಿಸಬೇಕು. ಶುದ್ಧ ಗಣಿತದ ದೃಷ್ಟಿಯಲ್ಲಿ ಇದು ಅನವಶ್ಯಕ ಪುನರುಕ್ತಿ ಎನ್ನಬಹುದು. ಕಸುಬಿನವರಿಗೆ ಹಾಗಲ್ಲ. ಬಳೆಯಂಗಡಿಯಲ್ಲಿ 2-4, 2-6, 2-8 ಎಂದು ಕೇಳುವ ಅಳತೆ ಒಳವ್ಯಾಸದ್ದು: ಎರಡು ಇಂಚಿನ ಮೇಲೆ ಹದಿನಾರನೇ ನಾಲ್ಕು, ಆರು, ಎಂಟು ಪಾಲು. 2-4 ಅಂದರೆ ಎರಡೂಕಾಲು ಇಂಚು. ಕೈ ಒಳಗೆ ಹೋಗಬೇಕಾದ್ದರಿಂದ ಬಳೆಗಾರ ಒಳಗಿನಿಂದ ಹೊರಕ್ಕೆ ಯೋಚಿಸುತ್ತಾನೆ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕಮ್ಮಾರನಿಗೂ ಮರದ ಗಾಲಿಯ ಅಳತೆಯೇ ಮೊದಲು. ಪಟ್ಟಿಯನ್ನು ಅದಕ್ಕಿಂತ ಕೂದಲೆಳೆ ಚಿಕ್ಕದಾಗಿ ಬಾಗಿಸಿ, ಕಾಯಿಸಿ ಹಿಗ್ಗಿಸಿ ತೊಡಿಸುತ್ತಾನೆ. ದುಂಡನೆಯ ಹಲಗೆಯೊಂದರ ನಡುವನ್ನು ಕೊರೆದು ಬಳೆ ತೆಗೆಯುವ ಬಡಗಿಗೆ ಮಾತ್ರ ಹೊರವ್ಯಾಸ ಮೊದಲು ಸಿಗುತ್ತದೆ. ಮಹಾವೀರನ ವರ್ಗೀಕರಣ ಇಲ್ಲಿ ಆಕೃತಿಯನ್ನು ನೋಡಿ ಮಾಡಿದ್ದಲ್ಲ. ಕೆಲಸ ಶುರುವಾಗುವಾಗ ಕೈಯಲ್ಲಿ ಯಾವ ಅಳತೆ ಇದೆ ಎಂದು ನೋಡಿ ಮಾಡಿದ್ದು.

ಇಷ್ಟಾಗಿಯೂ ಎಂಟರ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಆಯತವೃತ್ತವನ್ನೇ ನೋಡಿ, ಇದು ಇಂದಿನ ದೀರ್ಘವೃತ್ತ. ಉದ್ದ 36 ಮೊಳ, ಅಗಲ 12 ಮೊಳ ಎಂದಿಟ್ಟುಕೊಳ್ಳೋಣ. ಮಹಾವೀರನ ಸ್ಥೂಲ ನಿಯಮದಿಂದ ಸುತ್ತಳತೆ 84, ಸೂಕ್ಷ್ಮ ನಿಯಮದಿಂದ ಸುಮಾರು 77.8. ಇಂದಿನ ಲೆಕ್ಕಕ್ಕೆ 80.2. ಸುಮಾರು 1,200 ವರ್ಷಗಳ ಹಿಂದಿನ ಸೂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ ವಿಸ್ತೀರ್ಣ? ಸ್ಥೂಲ 252, ಸೂಕ್ಷ್ಮ 233, ನಿಜವಾದದ್ದು 339. ಸೂಕ್ಷ್ಮವೆಂದು ಕರೆದದ್ದೇ ಹೆಚ್ಚು ದೂರ ಸರಿದಿದೆ! ವೃತ್ತದಲ್ಲಿ ಪರಿಧಿಯ ಕಾಲುಭಾಗವನ್ನು ವ್ಯಾಸದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ. ಅದೇ ಕ್ರಮವನ್ನು ಕಿರಿವ್ಯಾಸಕ್ಕೆ ಅನ್ವಯಿಸಿ ಇಲ್ಲಿಗೆ ತಂದದ್ದು ಎಡವಟ್ಟಿಗೆ ಕಾರಣ. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ದೀರ್ಘವೃತ್ತದ ವಿಸ್ತೀರ್ಣವನ್ನು ಸರಿಯಾಗಿ ಸಾಧಿಸಿದ್ದ. ಆ ವಿದ್ಯೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದವರೆಗೆ ಬಂದಿರಲಿಲ್ಲ.

ನಿಮ್ನ, ಉನ್ನತಗಳದು ಬೇರೆ ತೊಡಕು. ಒಂದು ಯಜ್ಞಕುಂಡದಂತೆ ತಗ್ಗಾದ ದುಂಡು, ಮತ್ತೊಂದು ಆಮೆಯ ಬೆನ್ನಿನಂತೆ ಉಬ್ಬಿದ ದುಂಡು. ಇವು ಕಾಗದದ ಮೇಲಿನ ಆಕೃತಿಗಳಲ್ಲ, ಬಾಗಿದ ಮೈಗಳು. ಬೆಲ್ಲದ ಪಾಕ ಕಾಯಿಸುವ ಕೊಪ್ಪರಿಗೆಯ ಒಳಮೈ ನಿಮ್ನ, ಅದನ್ನೇ ಬೋರಲು ಹಾಕಿದರೆ ಉನ್ನತ. ಅಂಚು ನೋಡಿದರೆ ಎರಡೂ ಬರಿಯ ವೃತ್ತ. ಸಮತಲದ ಆರು ಆಕೃತಿಗಳ ಸಾಲಿಗೆ ಇವೆರಡನ್ನು ಸೇರಿಸಿದ್ದು ಪಟ್ಟಿಯ ದೊಡ್ಡ ದೌರ್ಬಲ್ಯ. ಒಂದು ಕಡೆ ಆಕಾರ, ಒಂದು ಕಡೆ ಗೊತ್ತಿರುವ ಅಳತೆ, ಇನ್ನೊಂದು ಕಡೆ ಮೈಯ ಬಾಗು. ಹೀಗೆ ಒಂದೇ ಪಟ್ಟಿಯಲ್ಲಿ ಮೂರು ಒರೆಗಲ್ಲುಗಳಿವೆ.

ಆ ಎಂಟರ ಆಚೆಗೂ ಹೆಸರುಗಳಿವೆ, ಅವು ಬಹಳ ಚೆಲುವಾದವು. ಯವ ಅಂದರೆ ಬಾರ್ಲಿಕಾಳಿನ ಆಕೃತಿ. ಮುರಜ ಅಂದರೆ ನಡು ಉಬ್ಬಿದ ಮದ್ದಳೆ. ಪಣವ ಅಂದರೆ ನಡು ಸಣ್ಣಗಾದ ವಾದ್ಯ. ಬುಡಬುಡಿಕೆ ಕಂಡವರಿಗೆ ಅದರ ರೂಪ ಹೇಳಬೇಕಿಲ್ಲ. ಧನುಸ್ಸು, ಬಾಲೇಂದು, ಗಜದಂತ, ಗಾಲಿಯ ಸುತ್ತುಪಟ್ಟಿಯ ತುಂಡಾದ ನೇಮಿ. ಕಾಳು, ಚರ್ಮವಾದ್ಯ, ಆಯುಧ, ಆನೆ, ಚಂದ್ರ, ಚಕ್ಕಡಿ, ಹೀಗೆ ಒಂದಿಡೀ ಊರಿನ ಬಾಳುವೆ ಇಲ್ಲಿದೆ. ಆದರೆ ಹೋಲಿಕೆಯ ಹೆಸರಿಗೆ ಒಂದು ಮಿತಿಯಿದೆ: ಮುಂದಿನ ಹೆಸರು ಯಾವುದೆಂದು ಅದು ಹೇಳಲಾರದು. ಚತುರ್ಭುಜ ಕಲಿತ ಮಗು ಪಂಚಭುಜವನ್ನು ತಾನೇ ಊಹಿಸಬಲ್ಲದು. ಮುರಜ ಕಲಿತವನು ಪಣವವನ್ನು ಊಹಿಸಲಾರ.

ಈ ಬಿಕ್ಕಟ್ಟಿಗೆ ಪರಿಹಾರದ ಸುಳಿವು ಶ್ರೀಧರನಲ್ಲಿದೆ ಎಂಬುದು ನನ್ನ ವಾದ. ಎಂಟರಿಂದ ಹತ್ತನೆಯ ಶತಮಾನದ ನಡುವೆ ಎಲ್ಲೋ ಬದುಕಿದ್ದ ಈ ಗಣಿತಜ್ಞ ಬಾಗಿದ ಆಕೃತಿಗಳನ್ನು ನೇರ ಆಕೃತಿಗಳಾಗಿ ಭಾವಿಸಿ ಅಳೆಯಿರಿ ಎನ್ನುತ್ತಾನೆ. ಆನೆದಂತವನ್ನು ತ್ರಿಭುಜವೆಂದು, ನೇಮಿಯನ್ನು ಚತುರ್ಭುಜವೆಂದು, ಎಳೆಚಂದ್ರನನ್ನು ಎರಡು ತ್ರಿಭುಜಗಳೆಂದು ತಿಳಿಯಬೇಕು. ಮೇಲುನೋಟಕ್ಕೆ ಇದು ಒರಟು ಉಪಾಯ. ಅಂಚುಗಳನ್ನು ಎಣಿಸಿ ನೋಡಿದರೆ ಒಳಗುಟ್ಟು ಗೊತ್ತಾಗುತ್ತದೆ. ಬುಡ ಕತ್ತರಿಸಿದ ಆನೆದಂತಕ್ಕೆ ಮೂರು ಅಂಚುಗಳು: ಹೊರಗೆ ಉಬ್ಬಿದ್ದು ಒಂದು, ಒಳಗೆ ತಗ್ಗಿದ್ದು ಒಂದು, ಬುಡದ ನೇರ ಗೆರೆ ಒಂದು. ನೇಮಿಗೆ ನಾಲ್ಕು: ಉಬ್ಬು, ನೇರ, ತಗ್ಗು, ನೇರ. ಎಳೆಚಂದ್ರನನ್ನು ನಡುವೆ ಕತ್ತರಿಸಿದರೆ ಎರಡು ಆನೆದಂತಗಳು. ನೇಮಿಯ ವಿಷಯದಲ್ಲಂತೂ ಶ್ರೀಧರನ ಉಪಾಯ ಪೂರ್ತಿ ಕರಾರುವಾಕ್ಕು: ಹೊರ ಕಮಾನು, ಒಳ ಕಮಾನುಗಳ ಉದ್ದ ಕೂಡಿಸಿ, ಅರ್ಧ ಮಾಡಿ, ಅಗಲದಿಂದ ಗುಣಿಸಿದರೆ ಒಂದಿಷ್ಟೂ ತಪ್ಪಿಲ್ಲದ ವಿಸ್ತೀರ್ಣ ಸಿಗುತ್ತದೆ.

ಈ ಎಳೆಯನ್ನೇ ಹಿಡಿದು ಮುಂದೆ ಹೋಗೋಣ. ಅಂಚುಗಳೆಲ್ಲ ಒಂದೋ ನೇರ ಗೆರೆ, ಇಲ್ಲವೇ ವೃತ್ತದ ತುಂಡು ಎಂದಿಟ್ಟುಕೊಳ್ಳಿ. ಪ್ರತಿ ಅಂಚಿಗೆ ಮೂರೇ ಗುಣ: ನೇರ, ಉಬ್ಬು, ತಗ್ಗು. ಒಂದೇ ಅಂಚಿನ ಆಕೃತಿ ಒಂದೇ, ಅದು ವೃತ್ತ. ಎರಡು ಅಂಚಿನವು ಮೂರು. ಉಬ್ಬು ಮತ್ತು ನೇರ ಸೇರಿದರೆ ಬಿಲ್ಲು. ಅರ್ಧವೃತ್ತವೂ ಇದರ ಮನೆಯದೇ. ಎರಡೂ ಉಬ್ಬಾದರೆ ಯವ. ಒಂದು ಉಬ್ಬು, ಒಂದು ತಗ್ಗಾದರೆ ಎಳೆಚಂದ್ರ. ಉಳಿದ ಜೋಡಿಗಳಿಂದ ಜಾಗ ಮುಚ್ಚುವುದೇ ಇಲ್ಲ. ಸಂಸ್ಕೃತ ಗಣಿತ ಈ ಮೂರಕ್ಕೂ ಹೆಸರಿಟ್ಟಿತ್ತು, ಒಂದನ್ನೂ ಬಿಟ್ಟಿರಲಿಲ್ಲ.

ಮೂರು ಅಂಚಿಗೆ ಬಂದರೆ, ಸಾದಾ ತ್ರಿಭುಜವನ್ನು ಬಿಟ್ಟು, ಒಂಬತ್ತು ಬಗೆಗಳು. ಎರಡು ನೇರ, ಒಂದು ಉಬ್ಬು ಸೇರಿ ಭಕ್ಕರಿಯ ಕಾಲುತುಂಡು, ಅಂದರೆ ತ್ರಿಜ್ಯಾಂತರ ಖಂಡ. ಒಂದು ನೇರ, ಎರಡು ಉಬ್ಬು ಸೇರಿದರೆ ವಿಜಯಪುರದ ಇಮಾರತುಗಳಲ್ಲಿ ಕಾಣುವ ಮೊನಚು ಕಮಾನಿನ ನೆತ್ತಿ. ನೇರ, ಉಬ್ಬು, ತಗ್ಗು ಒಂದೊಂದಾದರೆ ಆನೆದಂತ. ಮೂರೂ ಉಬ್ಬಾದರೆ ಹತ್ತೊಂಬತ್ತನೇ ಶತಮಾನದ ಜರ್ಮನ್ ಎಂಜಿನಿಯರ್ ಫ್ರಾನ್ಜ್ ರೂಲೊ ಹೆಸರಿನ ತ್ರಿಭುಜ. ಅದನ್ನು ಯಾವ ಕಡೆ ತಿರುಗಿಸಿ ಅಳೆದರೂ ಅಗಲ ಒಂದೇ. ಮೂರೂ ತಗ್ಗಾದರೆ ಒಂದಕ್ಕೊಂದು ತಾಗಿ ನಿಂತ ಮೂರು ಕಬ್ಬಿನ ಗಳಗಳ ನಡುವಿನ ಸಂದು. ಮುಧೋಳ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ನೋಡದವರಿಲ್ಲ. ಎಲ್ಲ ಗಳಗಳೂ ಒಂದೇ ದಪ್ಪವಾಗಿದ್ದು ಎಷ್ಟೇ ಒತ್ತೊತ್ತಾಗಿ ಪೇರಿಸಿದರೂ ನೂರರಲ್ಲಿ ಒಂಬತ್ತು ಪಾಲಿಗೂ ತುಸು ಹೆಚ್ಚು ಜಾಗ ಈ ಹೆಸರಿಲ್ಲದ ಸಂದುಗಳಿಗೆ ಹೋಗುತ್ತದೆ. ಒಂದು ಉಬ್ಬು, ಎರಡು ತಗ್ಗಾದರೆ ಗ್ರೀಕರ 'ಅರ್ಬೆಲಾಸ್'. ಅದು ಚಮ್ಮಾರನ ರಂಪಿಗೆಯ ಹೆಸರು; ಆರ್ಕಿಮಿಡೀಸನದೆಂದು ಹೇಳುವ ಒಂದು ಪುಸ್ತಕದಲ್ಲಿ ಬರುತ್ತದೆ. ಅರ್ಧವೃತ್ತದೊಳಗೆ ಅದೇ ಗೆರೆಯ ಮೇಲೆ ಎರಡು ಸಣ್ಣ ಅರ್ಧವೃತ್ತಗಳನ್ನು ಕೊರೆದರೆ ಅದು ಸಿದ್ಧ. ಮಹಾವೀರ ಸಣ್ಣ ಅರ್ಧವೃತ್ತವನ್ನು ಕೆಳಕ್ಕೆ ಮಡಚಿ ಶಂಖ ಪಡೆದ, ಗ್ರೀಕರು ಮೇಲೇ ಉಳಿಸಿಕೊಂಡು ರಂಪಿಗೆ ಪಡೆದರು.

ನಾಲ್ಕು ಅಂಚಿನಲ್ಲಿ ಬಗೆಗಳು ಇಪ್ಪತ್ತು, ಐದರಲ್ಲಿ ಮೂವತ್ತೆಂಟು. ಆಕೃತಿಯನ್ನು ತಿರುಗಿಸಿದರೂ ಮಗುಚಿದರೂ ಬೇರೆಯೆಂದು ಎಣಿಸದೆ ಬಂದ ಸಂಖ್ಯೆಗಳಿವು. ಇಂಥ ಎಣಿಕೆಯನ್ನು ಗಣಿತಜ್ಞರು ಮಣಿ ಪೋಣಿಸಿದ ಕೈಬಳೆಗಳ ಎಣಿಕೆ ಎಂದೇ ಕರೆಯುತ್ತಾರೆ. ರನ್ನನ ಮನೆಯವರು ಕೇಳಿದ್ದರೆ ನಗುತ್ತಿದ್ದರೇನೋ. ಮುರಜ, ಪಣವ, ನೇಮಿಗಳು ಈ ಇಪ್ಪತ್ತರೊಳಗೆ ಬರುತ್ತವೆ. ಐಹೊಳೆಯ ದುರ್ಗ ಗುಡಿಯ ತಳವಿನ್ಯಾಸವೂ ಬರುತ್ತದೆ: ಮೂರು ನೇರ, ಹಿಂದುಗಡೆ ಒಂದು ದೊಡ್ಡ ಉಬ್ಬು. ವಾಸ್ತುಕಾರರು ಇದನ್ನು ಆನೆಯ ಬೆನ್ನಿಗೆ ಹೋಲಿಸಿ ಗಜಪೃಷ್ಠ ಎಂದರು.

ವಾಸ್ತುಶಾಸ್ತ್ರದವರು ಈ ವಿಷಯದಲ್ಲಿ ಗಣಿತಜ್ಞರಿಗಿಂತ ಧೈರ್ಯಶಾಲಿಗಳು. 'ಅಗ್ನಿಪುರಾಣ', ಭೋಜನ ಹೆಸರಿನ 'ಸಮರಾಂಗಣಸೂತ್ರಧಾರ'ಗಳಲ್ಲಿ ಗುಡಿಗಳಿಗೆ ಐದು ಮೂಲರೂಪಗಳನ್ನು ಹೇಳಿದೆ. ಚೌಕದ್ದು ವೈರಾಜ, ಆಯತದ್ದು ಪುಷ್ಪಕ, ದುಂಡನೆಯದು ಕೈಲಾಸ, ನೀಳದುಂಡಿನದು ಮಣಿಕ, ಎಂಟುಮೂಲೆಯದು ತ್ರಿವಿಷ್ಟಪ. ಐದರಲ್ಲಿ ಎರಡು ದುಂಡು. ಆದರೆ ಕಟ್ಟಿದ್ದರಲ್ಲಿ ಈ ಪ್ರಮಾಣ ಕಾಣುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಚಾಲುಕ್ಯರ ಗುಡಿಗಳಲ್ಲಿ ಬಹುಪಾಲು ಚೌಕ, ಆಯತಗಳ ಕುಟುಂಬದವು. ದುರ್ಗ ಗುಡಿ ಅವುಗಳ ನಡುವೆ ಒಂಟಿಯಾಗಿ ಎದ್ದುಕಾಣುತ್ತದೆ. ಕಲ್ಲಿನ ಮೂಲೆ ಹೊಂದಿಸುವುದಕ್ಕಿಂತ ಕಲ್ಲಿನ ಬಾಗು ಹೊಂದಿಸುವುದು ಕಷ್ಟ, ಕಾರಣ ಅಷ್ಟೇ ಇರಬಹುದು. ಮುಂದೆ ಗೋಲಗುಮ್ಮಟದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಅವುಗಳ ನಡುವೆ ಬಾಗಿದ ಅಂಚಿನ, ಬಾಗಿದ ಮೈಯ ತ್ರಿಕೋನಗಳು ಮೂಡಿ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಹೊತ್ತವು. ಆ ತ್ರಿಕೋನಗಳನ್ನು ಕಣ್ಣಾರೆ ಕಂಡವರು ಲಕ್ಷಾಂತರ ಜನ, ಹೆಸರು ಬಲ್ಲವರು ಬೆರಳೆಣಿಕೆಯಷ್ಟು.

ಅಂಚು ಎಣಿಸುವ ಪದ್ಧತಿಗೂ ಕೊರತೆಯಿದೆ. ಮಹಾವೀರನ ಶಂಖಕ್ಕೂ ವಿಜಯಪುರದ ಕಮಾನಿಗೂ ಅದು ಒಂದೇ ಚೀಟಿ ಅಂಟಿಸುತ್ತದೆ, ಎರಡೂ ಒಂದು ನೇರ, ಎರಡು ಉಬ್ಬು. ವ್ಯತ್ಯಾಸ ಇರುವುದು ಎರಡು ಉಬ್ಬುಗಳು ಕೂಡುವ ಜಾಗದಲ್ಲಿ. ಕಮಾನಿನಲ್ಲಿ ಮೂಲೆ ಚುಚ್ಚುತ್ತದೆ, ಶಂಖದಲ್ಲಿ ಕೈ ಸವರಿದರೂ ಕೂಡುಜಾಗ ತಿಳಿಯುವುದಿಲ್ಲ. ಓಟದ ಪಥ ಸುತ್ತುವರಿದ ಮೈದಾನಕ್ಕೆ ನಾಲ್ಕು ಅಂಚುಗಳಿದ್ದರೂ ಒಂದೂ ಮೂಲೆಯಿಲ್ಲ. ಆದ್ದರಿಂದ ಅಂಚಿನ ಜೊತೆಗೆ ಮೂಲೆಗಳನ್ನೂ ಎಣಿಸಬೇಕು. ಬಳೆಯಂಥವುಗಳಿಗೆ ತೂತುಗಳ ಎಣಿಕೆಯೂ ಬೇಕು. ಸ್ಥಳಶಾಸ್ತ್ರದವರು ತೂತೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅವರ ತಕ್ಕಡಿಯಲ್ಲಿ ಮಹಾವೀರನ ಎಂಟು ವೃತ್ತಗಳು ಎರಡೇ ಆಗುತ್ತವೆ, ಆರು ಬಿಲ್ಲೆ, ಎರಡು ಬಳೆ. ಅಷ್ಟು ಉದಾರವಾದರೆ ಬಡಗಿಗೂ ಕಮ್ಮಾರನಿಗೂ ಉಪಯೋಗವಿಲ್ಲ.

ಯುರೋಪಿನವರು ಹಿಡಿದದ್ದು ಸಮೀಕರಣದ ದಾರಿ. ಪೆರ್ಗದ ಅಪೊಲೋನಿಯಸ್ ಕ್ರಿಸ್ತಪೂರ್ವ 200ರ ಸುಮಾರಿಗೆ ಶಂಕುವನ್ನು ಓರೆಯಾಗಿ ಕತ್ತರಿಸಿ ದೀರ್ಘವೃತ್ತ, ಪರವಲಯ, ಅತಿಪರವಲಯಗಳನ್ನು ಒಂದು ಕುಟುಂಬಕ್ಕೆ ತಂದಿದ್ದ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಡೇಕಾರ್ಟ್ ರೇಖಾಗಣಿತಕ್ಕೆ ಬೀಜಗಣಿತ ಬೆಸೆದ ಮೇಲೆ ಇವು ಎರಡನೇ ಘಾತದ ವಕ್ರರೇಖೆಗಳೆನಿಸಿದವು. ಮೂರನೇ ಘಾತದವು ಎಷ್ಟು ಬಗೆ? ನ್ಯೂಟನ್ 1704ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 72 ಎಂದ. ಅವನು ಬಿಟ್ಟಿದ್ದ ಆರನ್ನು ನಂತರದವರು ಹುಡುಕಿ 78 ಮಾಡಿದರು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನ್ ಗಣಿತಜ್ಞ ಪ್ಲೂಕರ್ ಅವನ್ನೇ ಇನ್ನೊಂದು ಒರೆಗೆ ಹಚ್ಚಿ 219 ಎಂದ. ರೇಖೆಗಳು ಬದಲಾಗಿರಲಿಲ್ಲ, ಎಣಿಸುವ ನಿಯಮ ಬದಲಾಗಿತ್ತು. ಸಮೀಕರಣ ಹಿಡಿದರೆ ವರ್ಗೀಕರಣದ ಜಗಳ ತೀರುತ್ತದೆ ಎಂದು ನಂಬಿದವರು ಈ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಹೆಸರಿದ್ದ ಮಾತ್ರಕ್ಕೆ ಅಳತೆ ಸಿಕ್ಕುಬಿಡುವುದಿಲ್ಲ. ಬಿಲ್ಲಿನ ಆಕೃತಿಯನ್ನು ತೆಗೆದುಕೊಳ್ಳಿ. ಹಳ್ಳದ ತಿರುವಿಗೆ ತಾಗಿದ ಹೊಲದ ಅಂಚು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹೆದೆ 8 ಮಾರು, ಬಾಣ 1 ಮಾರು ಎಂದುಕೊಂಡರೆ ಮಹಾವೀರನ ಸ್ಥೂಲ ನಿಯಮ 4.5 ಚದರ ಮಾರು ಕೊಡುತ್ತದೆ, ಸೂಕ್ಷ್ಮ ನಿಯಮ 6.3. ನಿಜವಾದದ್ದು 5.4. ಹೆದೆ, ಬಾಣಗಳ ಗುಣಲಬ್ಧದಲ್ಲಿ ಮೂರನೇ ಎರಡು ಪಾಲು ತೆಗೆದರೆ 5.33. ಇದು ಪರವಲಯಕ್ಕೆ ಆರ್ಕಿಮಿಡೀಸ್ ಸಾಧಿಸಿದ ನಿಯಮ, ಹೊಲಕ್ಕೂ ಸಾಕು. ಎಳೆಚಂದ್ರನ ಕಥೆ ಇನ್ನೂ ವಿಚಿತ್ರ. ಕೈವಾರ, ಅಳತೆಗೆರೆಯಿಲ್ಲದ ಪಟ್ಟಿ ಎರಡರಿಂದಲೇ ವೃತ್ತಕ್ಕೆ ಸಮನಾದ ಚೌಕ ಬರೆಯಲು ಸಾಧ್ಯವಿಲ್ಲ. ಎಳೆಚಂದ್ರರಲ್ಲಿ ಕೆಲವಕ್ಕೆ ಸಾಧ್ಯ! ಕಿಯಾಸಿನ ಹಿಪ್ಪೊಕ್ರೆಟಿಸ್ ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಅಂಥ ಮೂರನ್ನು ತೋರಿಸಿದ. ಇನ್ನೆರಡು ಹದಿನೆಂಟನೇ ಶತಮಾನದಲ್ಲಿ ಸಿಕ್ಕವು. ಐದಕ್ಕಿಂತ ಹೆಚ್ಚಿಲ್ಲ ಎಂಬುದು ಇಪ್ಪತ್ತನೇ ಶತಮಾನದಲ್ಲಿ ಸಿದ್ಧವಾಯಿತು.

ಇಂದು ಬಾಗಿದ ಅಂಚಿನ ಆಕೃತಿಗಳನ್ನು ದಿನವೂ ತಯಾರಿಸುವವರಲ್ಲಿ ಅಕ್ಷರ ವಿನ್ಯಾಸಕಾರರೂ ಸೇರುತ್ತಾರೆ. ಕನ್ನಡ ಲಿಪಿಯಷ್ಟು ದುಂಡಗಿನ ಲಿಪಿ ಜಗತ್ತಿನಲ್ಲಿ ಕೆಲವೇ. ಅನುಸ್ವಾರ ಒಂದು ಬಳೆ, ಸೊನ್ನೆ ಒಂದು ಬಳೆ, 'ಠ' ಬಳೆಯೊಳಗೊಂದು ಬಿಲ್ಲೆ. ಟ್ರೂಟೈಪ್ ಎಂಬ ಅಕ್ಷರಮಾದರಿಯಲ್ಲಿ ಈ ಅಂಚುಗಳೆಲ್ಲ ಪರವಲಯದ ತುಂಡುಗಳು. ಎಷ್ಟು ತುಂಡು ಜೋಡಿಸಿದರೂ ಪರವಲಯಗಳಿಂದ ನಿಜವಾದ ವೃತ್ತ ಬರುವುದಿಲ್ಲ. ಆದ್ದರಿಂದ ಅಂಥ ಅಕ್ಷರಗಳಲ್ಲಿ ನೀವು ಓದುವ ಸೊನ್ನೆ ವೃತ್ತದಂತೆ ಕಾಣುವ ಬೇರೊಂದು ಆಕೃತಿ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ವರ್ಗೀಕರಿಸುವವನಿಗೆ ದೊಡ್ಡದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಹೀಗೆ. ಶಾಲೆಯ ಮಟ್ಟಕ್ಕೆ ಸಮೀಕರಣದ ವರ್ಗೀಕರಣ ಬೇಡ, ತೂತಿನ ವರ್ಗೀಕರಣವೊಂದೇ ಸಾಲದು. ಅಂಚುಗಳನ್ನು ಎಣಿಸಿ, ನೇರ, ಉಬ್ಬು, ತಗ್ಗು ಎಂದು ಓದಿಸುವುದು ಐದನೇ ತರಗತಿಯ ಮಗುವಿಗೂ ಎಟುಕುವ ವಿದ್ಯೆ. ಅದರ ಮೇಲೆ ಬಳಕೆಯಲ್ಲಿ ಪದೇ ಪದೇ ಸಿಗುವ ಹತ್ತು ಹನ್ನೆರಡು ಆಕೃತಿಗಳಿಗೆ ಸ್ವಂತ ಹೆಸರಿರಲಿ: ಬಳೆ, ಬಿಲ್ಲು, ಯವ, ಎಳೆಚಂದ್ರ, ಆನೆದಂತ, ಶಂಖ, ಮದ್ದಳೆ, ಬುಡಬುಡಿಕೆ, ನೇಮಿ, ರಂಪಿಗೆ. ಪರಿಭಾಷೆಯ ಸಮಿತಿ ಕೂತು ಹೊಸ ಪದ ಟಂಕಿಸಬೇಕಾಗಿಲ್ಲ. ಹನ್ನೆರಡನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ಬರೆದ. ಗಣಿತ ಹೇಳಲು ಕನ್ನಡ ಸಾಲದು ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿದೆ.

ಗಣಿತದ ಮೇಷ್ಟ್ರುಗಳಲ್ಲಿ ಒಂದು ವಿನಂತಿ. 'ಛಾಯೆಗೊಳಿಸಿದ ಭಾಗ' ಎಂದು ಬೋರ್ಡಿನ ಮೇಲೆ ಬರೆಯುವ ಮೊದಲು ಅದಕ್ಕೆ ಎಷ್ಟು ಅಂಚು, ಯಾವುದು ಉಬ್ಬು, ಯಾವುದು ತಗ್ಗು ಎಂದು ಮಕ್ಕಳನ್ನು ಕೇಳಿ. ಹೆಸರನ್ನು ಅವರೇ ಸೂಚಿಸಲಿ. ಮಹಾವೀರನ ಮೂಲ ನೋಡಬೇಕೆನ್ನುವವರಿಗೆ ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದ ಆವೃತ್ತಿ ಇದೆ. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ 2000ದಲ್ಲಿ ಪ್ರಕಟಿಸಿದೆ.